ಹೆಸರಿಲ್ಲದ ಪೆಡಲ್ ಸ್ಟೀಲ್ ಗಿಟಾರ್ ಯಾರದು?

ಪ್ರಶ್ನೆ: ಹತ್ತು ತಂತಿಯ, ಒಂದೇ ನೆಕ್ ಇರುವ ಹಳೆಯ ಪೆಡಲ್ ಸ್ಟೀಲ್ ಗಿಟಾರ್ ಸಿಕ್ಕಿದೆ. ಮೂರು ಪೆಡಲ್, ಮೊಣಕಾಲಿನಿಂದ ಒತ್ತುವ ಒಂದು ನೀ ಲಿವರ್. ಎಲ್ಲೂ ಹೆಸರಿಲ್ಲ, ಮುಂಭಾಗದಲ್ಲಿ ಎರಡು ಸಣ್ಣ ತೂತುಗಳಿವೆ ಅಷ್ಟೆ. ಫ್ರೆಟ್‌ಬೋರ್ಡಿನ ಮೇಲೆ ಇಸ್ಪೀಟು ಎಲೆಯ ಗುರುತುಗಳಿವೆ. ಇದು ಷೋ-ಬಡ್ ಕಂಪನಿಯದಿರಬಹುದೇ?

ಉತ್ತರ: ಬರೀ ಇಸ್ಪೀಟು ಗುರುತು ನೋಡಿ ಹಾಗೆ ಹೇಳಲಾಗದು. ಷೋ-ಬಡ್ ವಾದ್ಯಗಳಲ್ಲಿ ಆ ಗುರುತು ಇರುವುದು ನಿಜ. ಆದರೆ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತ, ಪೆಡಲ್ ಒತ್ತಿ ಸ್ವರ ಬದಲಿಸುತ್ತ ನುಡಿಸುವ ಈ ವಾದ್ಯದಲ್ಲಿ ತಂತಿ ಫ್ರೆಟ್‌ಬೋರ್ಡನ್ನು ಮುಟ್ಟುವುದೇ ಇಲ್ಲ. ಕಣ್ಣಿಗೆ ದಾರಿ ತೋರಿಸುವ ತೆಳು ಪಟ್ಟಿ ಅದು, ಯಾರು ಬೇಕಾದರೂ ತೆಗೆದು ಬೇರೆಯದನ್ನು ಹಾಕಬಹುದು. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಪೆಡಲ್, ಕಾಲುಗಳ ವಿಷಯವೂ ಅಷ್ಟೆ. ಸುಲಭವಾಗಿ ಬದಲಾಗದ್ದು ಅಡಿಭಾಗದ ಯಂತ್ರ. ಅಲ್ಲಿಂದಲೇ ಶುರು ಮಾಡಿ.

ಕಾಲು, ಪೆಡಲ್ ರಾಡುಗಳನ್ನು ಕಳಚಿ, ವಾದ್ಯವನ್ನು ಅದರ ಪೆಟ್ಟಿಗೆಯಲ್ಲೇ ಬೋರಲು ಮಲಗಿಸಿ. ಒಂದು ನಟ್ಟನ್ನೂ ತಿರುಗಿಸುವ ಮೊದಲು ಇಡೀ ಅಡಿಭಾಗ, ಚೇಂಜರ್ (ತಂತಿಯ ತುದಿ ಹಿಡಿದು ಸ್ವರ ಬದಲಿಸುವ ಭಾಗ), ಎಂಡ್‌ಪ್ಲೇಟ್ (ವಾದ್ಯದ ತುದಿಯ ಲೋಹದ ತಟ್ಟೆ), ಬೆಲ್ ಕ್ರ್ಯಾಂಕ್‌ಗಳ (ಪೆಡಲಿನ ಚಲನೆಯನ್ನು ಚೇಂಜರಿನ ರಾಡುಗಳಿಗೆ ದಾಟಿಸುವ ಸಣ್ಣ ತೋಳುಗಳ) ಫೋಟೋ ತೆಗೆಯಿರಿ. ರಾಡು ಯಾವ ತೂತಿನಲ್ಲಿತ್ತು ಎಂಬುದು ಒಮ್ಮೆ ತಪ್ಪಿದರೆ ಮತ್ತೆ ಸರಿಪಡಿಸುವುದು ಕಷ್ಟ.

ಈಗ ಚೇಂಜರ್ ನೋಡಿ. ಎಂಡ್‌ಪ್ಲೇಟಿನಲ್ಲಿ ಪ್ರತಿ ತಂತಿಗೂ ಮೇಲೆ ಕೆಳಗೆ ತೂತುಗಳಿದ್ದು, ರಾಡುಗಳ ತುದಿಯಲ್ಲಿ ಆರು ಮೂಲೆಯ ನೈಲಾನ್ ನಟ್‌ಗಳಿದ್ದರೆ ಅದು ಆಲ್-ಪುಲ್. ಸ್ವರ ಏರಿಸಲೂ ಇಳಿಸಲೂ ರಾಡು ಎಳೆಯುವುದೇ ಇಲ್ಲಿನ ಕ್ರಮ, ಇಳಿದದ್ದನ್ನು ಸ್ಪ್ರಿಂಗು ವಾಪಸ್ ತರುತ್ತದೆ. ಏರಿಸಲು ಎಳೆದು, ಇಳಿಸಲು ತಳ್ಳುವ ವ್ಯವಸ್ಥೆಯಾದರೆ ಪುಷ್-ಪುಲ್. ಇದಕ್ಕೆ ಎಮ್ಮನ್ಸ್ ಕಂಪನಿ ಹೆಸರುವಾಸಿ. ಬೆರಳು (ಚೇಂಜರಿನಲ್ಲಿ ತಂತಿ ಹಾಯುವ, ವಾಲುವ ಲೋಹದ ತುಂಡು) ಎಲ್ಲಿ ನಿಲ್ಲಬೇಕೆಂದು ಚೇಂಜರಿನ ತಡೆ ಸ್ಕ್ರೂಗಳೇ ನಿರ್ಧರಿಸುತ್ತಿದ್ದರೆ ಪುಲ್-ರಿಲೀಸ್, ಹಳೆಯ ಪದ್ಧತಿ. ರಾಡಿನ ಬದಲು ಕೇಬಲ್ ಕಂಡರೆ ಮೊದಲು ಫೆಂಡರ್ ಕಂಪನಿ ನೆನಪಿಗೆ ಬರಬೇಕು, ಆದರೆ 1957ರಲ್ಲಿ ಬಂದ ಫೆಂಡರ್ 1000ಕ್ಕೆ ಇದ್ದದ್ದು ಎಂಟೆಂಟು ತಂತಿಯ ಎರಡು ನೆಕ್.

ಮುಂದಿನ ಸಾಕ್ಷಿ ಸ್ಕ್ರೂಗಳು. ಅಮೆರಿಕದ್ದಾದರೆ ಇಂಚಿನ ಅಳತೆಯ ಥ್ರೆಡ್, ಜಪಾನ್ ಅಥವಾ ಯುರೋಪಿನದ್ದಾದರೆ ಸಾಮಾನ್ಯವಾಗಿ ಮೆಟ್ರಿಕ್. ಇಲ್ಲಿ ಬಹಳ ಜನ ಎಡವುವುದು ಇಂಚಿನ 10-32 ಮತ್ತು ಮೆಟ್ರಿಕ್ ಎಂ5 ಸ್ಕ್ರೂಗಳ ನಡುವೆ. ಮೊದಲನೆಯದರ ಪಿಚ್ (ಥ್ರೆಡ್‌ನ ಎರಡು ಸುತ್ತುಗಳ ನಡುವಿನ ಅಂತರ) 0.794 ಮಿ.ಮೀ., ಎರಡನೆಯದರದು 0.8. ಪಿಚ್ ಗೇಜ್ ಎರಡಕ್ಕೂ ಕೂರುತ್ತದೆ. ಹಾಗಾಗಿ ವರ್ನಿಯರ್ ಕ್ಯಾಲಿಪರ್‌ನಿಂದ ಹೊರವ್ಯಾಸ ಅಳೆಯಿರಿ: 4.8ರ ಆಸುಪಾಸು ಬಂದರೆ ಇಂಚಿನದು, 5ಕ್ಕೆ ತೀರ ಹತ್ತಿರ ಬಂದರೆ ಮೆಟ್ರಿಕ್. ಒಂದೇ ಸ್ಕ್ರೂ ಸಾಲದು, ಐದಾರು ಕಡೆ ನೋಡಿ, ಏಕೆಂದರೆ ರಿಪೇರಿ ಮಾಡಿದವರು ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ.

ನಟ್ ರೋಲರ್‌ನ (ಇನ್ನೊಂದು ತುದಿಯಲ್ಲಿ ತಂತಿ ಹಾಯುವ ಸಣ್ಣ ಗಾಲಿಯ) ನೆತ್ತಿಯಿಂದ ಚೇಂಜರ್ ಬೆರಳಿನ ನೆತ್ತಿಯವರೆಗಿನ ಅಳತೆಯನ್ನೂ ಬರೆದಿಡಿ. ಷೋ-ಬಡ್‌ನಲ್ಲಿ ಅದು ಸಾಮಾನ್ಯವಾಗಿ 24 ಇಂಚು, ಎಮ್ಮನ್ಸ್‌ನಲ್ಲಿ 24.25. ಕಾಲು ಇಂಚೇ ಆದರೂ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಟೋನ್ ನಾಬ್ ಇದ್ದರೆ ಅದರ ಪೊಟೆನ್ಶಿಯೋಮೀಟರಿನ ಬೆನ್ನಿನ ಅಂಕಿ ಓದಿ. 1377412 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿ, 74 ಇಸವಿ, 12 ವಾರ. ಬೆಸುಗೆ ಮೊದಲಿನದೇ ಆಗಿದ್ದರೆ ವಾದ್ಯ 1974ರ ಮಾರ್ಚ್‌ಗಿಂತ ಹಿಂದಿನದಲ್ಲ. ಅದು ತಯಾರಾದ ದಿನ ಮಾತ್ರ ಇದರಿಂದ ಸಿಗದು.

ನಿಮ್ಮ ಆ ಎರಡು ತೂತುಗಳ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹೆಸರಿನ ಬಿಲ್ಲೆ ಇದ್ದ ಜಾಗ ಬಿಸಿಲಿಗೆ ಮಾಸದೆ ಉಳಿದಿದ್ದರೆ ಅದರ ಆಕಾರ ಕಾಣುತ್ತದೆ. ಅದನ್ನೂ ತೂತುಗಳ ನಡುವಿನ ಅಂತರವನ್ನೂ ಅಳೆದು, ಹೆಸರು ಗೊತ್ತಿರುವ ವಾದ್ಯಗಳ ಬಿಲ್ಲೆಗಳೊಂದಿಗೆ ಹೋಲಿಸಿ. ಪಿಕಪ್ ಗುಳಿಯಲ್ಲಿ ಪೆನ್ಸಿಲ್ ಬರಹ, ಎಂಡ್‌ಪ್ಲೇಟಿನ ಒಳಮೈಯಲ್ಲಿ ಒತ್ತಿದ ಅಂಕಿ ಇದೆಯೇ ಎಂದೂ ನೋಡಿ. ಈ ಹಂತ ಮುಗಿಯುವವರೆಗೆ ಪಾಲಿಶ್, ಮರಳು ಕಾಗದ ಹತ್ತಿರ ತರಬೇಡಿ.

ಬೆಲ್ ಕ್ರ್ಯಾಂಕ್‌ಗಳ ಅಂಚಿನಲ್ಲಿ ಅರದ ಗೆರೆ, ಒಂದಕ್ಕೊಂದು ಹೊಂದದ ತೂತು ಕಂಡರೆ ಅದು ಯಾರೋ ಲೇತ್ ಬಲ್ಲವರು ತಮಗಾಗಿ ಮಾಡಿಕೊಂಡ ಒಂಟಿ ವಾದ್ಯವಾಗಿರುವ ಸಾಧ್ಯತೆ ಹೆಚ್ಚು. ಅಂಥವು ಸಾಕಷ್ಟಿವೆ, ಕೆಲವು ತುಂಬ ಚೆನ್ನಾಗಿ ನುಡಿಯುತ್ತವೆ. ಅದಕ್ಕೆ ದೊಡ್ಡ ಹೆಸರು ಅಂಟಿಸದೆ, ಅಳತೆಗಳೊಂದಿಗೆ ‘ತಯಾರಕರು ತಿಳಿಯದು’ ಎಂದೇ ಬರೆದಿಡಿ.