ಬೆಂಕಿ, ನೀರು ಎರಡೂ ಪವಿತ್ರಾತ್ಮರ ಗುರುತು ಹೇಗೆ?

ಪ್ರಶ್ನೆ: ಟೀಚರ್, ಪೆಂತೆಕೋಸ್ತ್ ಹಬ್ಬದ ದಿನ ಗುರುಗಳು ಪವಿತ್ರಾತ್ಮರು ಯೇಸುವಿನ ಶಿಷ್ಯರ ಮೇಲೆ ಬೆಂಕಿಯ ನಾಲಿಗೆಗಳಂತೆ ಇಳಿದರು ಅಂದರು. ಅದೇ ಪ್ರಸಂಗದಲ್ಲಿ ಅವರನ್ನು ಜೀವಜಲ ಅಂತಲೂ ಕರೆದರು. ನೀರು ಬಿದ್ದರೆ ಬೆಂಕಿ ಆರಿಹೋಗುತ್ತದೆ ಅಲ್ವಾ? ಇನ್ನೊಂದು ಮಾತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ನಮ್ಮ ಮನೆ, ತೋಟ ಎರಡೂ ಹೋದವು. ನೀರಿನಲ್ಲಿ ದೇವರನ್ನು ಕಾಣಲು ನನ್ನ ಮನಸ್ಸು ಒಪ್ಪುತ್ತಿಲ್ಲ.
– ಓದುಗರೊಬ್ಬರು, ಮಡಿಕೇರಿ ತಾಲೂಕು

ಉತ್ತರ: ತಂಗಿ, ನಿಮ್ಮ ಎರಡನೇ ಮಾತಿಗೆ ಮೊದಲು ಬರುತ್ತೇನೆ. ಮನಸ್ಸು ಒಪ್ಪದಿದ್ದರೆ ಬಲವಂತ ಮಾಡಬೇಡಿ. ನೀವು ಕಂಡ ಆ ನೀರು ಬೈಬಲ್ಲಿಗೂ ಗೊತ್ತು. ನೀರು ಕುತ್ತಿಗೆವರೆಗೆ ಬಂತು, ಕಾಲೂರಲು ನೆಲವಿಲ್ಲ, ಆಳವಾದ ಕೆಸರಿನಲ್ಲಿ ಹೂತುಹೋಗುತ್ತಿದ್ದೇನೆ ಅಂತ 69ನೇ ಕೀರ್ತನೆಯಲ್ಲಿ ಒಬ್ಬರು ಅಳುತ್ತಾರೆ. ಆ ಆಗಸ್ಟಿನಲ್ಲಿ ನಾನು ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದೂ ಪ್ರಾರ್ಥನೆಯೇ.

ಪವಿತ್ರಾತ್ಮರನ್ನು ಹೋಲಿಸಿರುವುದು ಆ ನೀರಿಗಲ್ಲ. ಯೊವಾನ್ನರ ಶುಭಸಂದೇಶದ 7ನೇ ಅಧ್ಯಾಯ ತೆಗೆಯಿರಿ. ಜೆರುಸಲೇಮಿನಲ್ಲಿ ಯೆಹೂದ್ಯರ ಪರ್ಣಕುಟೀರಗಳ ಹಬ್ಬ. ಸುಗ್ಗಿ ಮುಗಿದಿದೆ, ಬೇಸಿಗೆಗೆ ನೆಲ ಒಣಗಿದೆ, ಜನ ಮಳೆಗೆ ಕಾಯುತ್ತಿದ್ದಾರೆ. ಹಬ್ಬದ ದಿನಗಳಲ್ಲಿ ಯಾಜಕರು ಬೆಳಿಗ್ಗೆ ಸಿಲೋವಾಮ್ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತಂದು ಬಲಿಪೀಠದಲ್ಲಿ ಸುರಿಯುತ್ತಿದ್ದರು. ಕೊನೆಯ ದಿನ ಯೇಸುಸ್ವಾಮಿ ಎದ್ದು ನಿಂತು, ಬಾಯಾರಿದವರು ನನ್ನ ಬಳಿ ಬಂದು ಕುಡಿಯಲಿ ಅಂತ ಕೂಗಿ ಹೇಳಿದರು. ಇದು ಪವಿತ್ರಾತ್ಮರ ಬಗ್ಗೆ ಆಡಿದ ಮಾತು ಅಂತ ಯೊವಾನ್ನರೇ ಬಿಡಿಸಿ ಬರೆದಿದ್ದಾರೆ. ಅಂದರೆ ಮಳೆಗೆ ಕಾದವರ ನೀರು ಅದು.

ಕಾಫಿ ಹೂವು ಅರಳಿಸುವ ನಮ್ಮ ಹೂಮಳೆ ನೆನಪಿಗೆ ಬರುತ್ತದೆ. ಫೆಬ್ರವರಿಯಲ್ಲಿ ಕಾಫಿ ಎಲೆ ಜೋತುಬಿದ್ದಿರುತ್ತದೆ. ಮೊಗ್ಗು ಸುಮ್ನೆ ಹಾಗೇ ಗಿಣ್ಣಿಗೆ ಅಂಟಿಕೊಂಡಿರುತ್ತದೆ. ಒಂದಿಂಚು ಮಳೆ ಬಿದ್ದರೆ ಎಂಟು–ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಆದರೆ ಮೊದಲು ಆ ಒಣ ಬಿಸಿಲು ಸಿಗದಿದ್ದರೆ ಹೂವು ಒಟ್ಟಿಗೆ ಅರಳುವುದಿಲ್ಲ. ಬಿಸಿಲಿಗೂ ಮಳೆಗೂ ಜಗಳ ಅಂತ ತೋಟದವರು ಯಾರೂ ಹೇಳುವುದಿಲ್ಲ.

ಬೆಂಕಿಯ ವಿಷಯಕ್ಕೆ ಯೇಸುವಿನ ಶಿಷ್ಯ ಪೇತ್ರರನ್ನು ನೋಡಿ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಚಳಿ. ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸುತ್ತಾ ನಿಂತಿದ್ದ ಪೇತ್ರ, ಅವರು ಯಾರೋ ನನಗೆ ಗೊತ್ತಿಲ್ಲ ಅಂದುಬಿಟ್ಟರು. ಮೂರು ಸಲ. ಏಳು ವಾರ ಕಳೆದ ಮೇಲೆ ಪೆಂತೆಕೋಸ್ತ್ ದಿನ ಬೆಂಕಿ ಬಂದು ಒಬ್ಬೊಬ್ಬರ ಮೇಲೂ ನೆಲೆಸಿತು. ಯಾರ ಒಂದು ಕೂದಲೂ ಸುಡಲಿಲ್ಲ. ಅದೇ ಪೇತ್ರ ಜನರೆದುರು ನಿಂತು ಗಟ್ಟಿಯಾಗಿ ಮಾತಾಡಿದರು. ಅಂದು ಸುಮಾರು 3,000 ಜನ ನೀರಿನಿಂದ ಕೊಡುವ ಜ್ಞಾನಸ್ನಾನ ಪಡೆದರು. ಬೆಂಕಿ ಇಳಿದ ದಿನವೇ ನೀರೂ ಬಂತು, ನೋಡಿ! ನನಗೆ ಈ ಜಾಗ ಓದುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆರಿಹೋಗುತ್ತದೆ ಅಲ್ವಾ ಅಂತ ಕೇಳಿದ್ದೀರಿ. ಪಾಸ್ಕ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿ, ಹೊಸ ಬೆಂಕಿಯಿಂದ ಹೊತ್ತಿಸಿ ತಂದ ದೊಡ್ಡ ಮೇಣದಬತ್ತಿಯ ಬುಡವನ್ನು ಗುರುಗಳು ಜ್ಞಾನಸ್ನಾನದ ನೀರಿಗೆ ಇಳಿಸುತ್ತಾರೆ. ಪವಿತ್ರಾತ್ಮರ ಶಕ್ತಿ ಈ ನೀರಿಗೆ ಇಳಿದು ಬರಲಿ ಅಂತ ಪ್ರಾರ್ಥಿಸುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದಲ್ಲಿ ನಾನು ಮುಂದಿನ ಬೆಂಚಿನಲ್ಲೇ ಕೂರುವುದು, ಇದನ್ನು ನೋಡಲಿಕ್ಕೆ. ಬುಡ ನೀರಿನಲ್ಲಿ, ತುದಿಯಲ್ಲಿ ದೀಪ. ಕರಗಿದ ಮೇಣ ಒಂದು ಹನಿ ನೀರಿಗೆ ಬಿದ್ದರೆ ಬಿಳಿ ಬಿಲ್ಲೆಯಾಗಿ ತೇಲುತ್ತದೆ. ಹೂಮಳೆ ಸರಿಯಾಗಿ ಬಿದ್ದ ವರ್ಷ ಕಿಟಕಿಯಿಂದ ಕಾಫಿ ಹೂವಿನ ಪರಿಮಳವೂ ಬರುವುದುಂಟು.

ಮುಂದಿನ ಪಾಸ್ಕಕ್ಕೆ ಬನ್ನಿ, ಪಕ್ಕದಲ್ಲಿ ಜಾಗ ಹಿಡಿದಿರುತ್ತೇನೆ. ಗುರುಗಳು ನೀರು ಚಿಮುಕಿಸುತ್ತಾ ಬರುವಾಗ ಬೇಡ ಅನ್ನಿಸಿದರೆ ನನ್ನ ಹಿಂದೆ ಸರಿದು ನಿಂತುಕೊಳ್ಳಿ.