ಓದುಗರ ಪ್ರಶ್ನೆ, ತಜ್ಞರ ಉತ್ತರ: ಅಂಗೈ ತಿರುಗದ ಕೈಗೆ ಯಾವ ವೈದ್ಯರು?

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕೂವರೆ ವರ್ಷ. ಏನಾದರೂ ಕೊಟ್ಟರೆ ಅಂಗೈ ಒಡ್ಡುವುದಿಲ್ಲ, ಕೈ ಬೋರಲಾಗಿಟ್ಟು ಬೆರಳ ತುದಿಯಲ್ಲೇ ಹಿಡಿದುಕೊಳ್ಳುತ್ತಾಳೆ. ಎರಡೂ ಕೈ ಹಾಗೆಯೇ. ಎಕ್ಸ್‌-ರೇ ನೋಡಿದ ಮೂಳೆ ವೈದ್ಯರು, ಮೊಣಕೈ ಹತ್ತಿರ ಎರಡು ಮೂಳೆ ಕೂಡಿಕೊಂಡಿವೆ, ಹುಟ್ಟಿನಿಂದ ಬಂದದ್ದು, ಇಂಥದ್ದನ್ನು ನಾನು ನೋಡಿರುವುದೇ ಕಡಿಮೆ ಎಂದರು. ಐದು ತಿಂಗಳಿಂದ ಫಿಸಿಯೋಥೆರಪಿ ಮಾಡಿಸುತ್ತಿದ್ದೇವೆ, ಒಂದಿಷ್ಟೂ ತಿರುಗಿಲ್ಲ. ಒಬ್ಬರು ಕೂಡಲೇ ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಬೇಡವೇ ಬೇಡ ಎನ್ನುತ್ತಾರೆ. ಇದನ್ನು ಬಲ್ಲವರನ್ನು ಹುಡುಕುವುದು ಹೇಗೆ?

ಉತ್ತರ: ಮೊದಲು ಮಗುವಿನ ಕೈ ತಿರುಚುವ ವ್ಯಾಯಾಮ ನಿಲ್ಲಿಸಿ. ಬಿಗಿದ ಸ್ನಾಯುವನ್ನು ಎಳೆದು ಸಡಿಲಿಸಬಹುದು, ಕೂಡಿಕೊಂಡ ಮೂಳೆಯನ್ನು ಎಳೆದು ಬಿಡಿಸಲಾಗದು. ಬಲವಂತವಾಗಿ ತಿರುಚಿದರೆ ಆ ಒತ್ತಡವೆಲ್ಲ ಮಣಿಕಟ್ಟಿಗೆ ಹೋಗುತ್ತದೆ, ಮಗುವಿಗೆ ನೋವಷ್ಟೇ ಉಳಿಯುತ್ತದೆ.

ಇದರ ಹೆಸರು ಕಂಜೆನಿಟಲ್ ಪ್ರಾಕ್ಸಿಮಲ್ ರೇಡಿಯೋಅಲ್ನಾರ್ ಸಿನೊಸ್ಟೋಸಿಸ್. ಮುಂಗೈಯ ಎರಡು ಮೂಳೆಗಳಾದ ರೇಡಿಯಸ್ (ಹೆಬ್ಬೆರಳ ಕಡೆಯದು) ಮತ್ತು ಅಲ್ನಾ (ಕಿರುಬೆರಳ ಕಡೆಯದು) ಗರ್ಭದಲ್ಲಿ ಮೊದಲು ಒಂದೇ ಮೃದ್ವಸ್ಥಿಯ, ಅಂದರೆ ಇನ್ನೂ ಗಟ್ಟಿಯಾಗದ ಎಳೆ ಮೂಳೆಯ, ತುಂಡಾಗಿರುತ್ತವೆ. ಏಳನೇ ವಾರದ ಸುಮಾರಿಗೆ ಅವು ಮಣಿಕಟ್ಟಿನ ಕಡೆಯಿಂದ ಬೇರ್ಪಡುತ್ತ ಮೊಣಕೈ ಕಡೆಗೆ ಬರುತ್ತವೆ. ಆ ಕೆಲಸ ಅರ್ಧಕ್ಕೆ ನಿಂತರೆ ಮೊಣಕೈ ಬಳಿ ಅಂಟು ಉಳಿಯುತ್ತದೆ. ಆ ಹೊತ್ತಿಗೆ ಭ್ರೂಣದ ಅಂಗೈ ಕೆಳಮುಖವಾಗಿರುವುದರಿಂದ ಕೈ ಅದೇ ಭಂಗಿಯಲ್ಲಿ ನಿಂತುಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇದು ಎರಡೂ ಕೈಯಲ್ಲಿರುತ್ತದೆ. ಗರ್ಭಿಣಿ ಏನೋ ತಪ್ಪು ಮಾಡಿದ್ದರಿಂದ ಹೀಗಾಯಿತು ಎಂಬ ಮಾತು ಮನೆಯಲ್ಲಿ ಎದ್ದಿದ್ದರೆ ಇವತ್ತೇ ಅದಕ್ಕೆ ತೆರೆ ಎಳೆಯಿರಿ.

ಇಬ್ಬರು ವೈದ್ಯರು ಎರಡು ಮಾತು ಹೇಳಿದ್ದಕ್ಕೆ ಬಹುಮಟ್ಟಿಗೆ ಕಾರಣ ಅಳತೆ. ಕೂಡಿಕೊಂಡ ಮುಂಗೈ ತಿರುಗದಿದ್ದರೂ ಮಕ್ಕಳ ಮಣಿಕಟ್ಟು ಸಡಿಲವಾಗಿ ತಾನೇ ಒಂದಿಷ್ಟು ತಿರುಗುತ್ತದೆ, ಭುಜವೂ ಸೇರಿಕೊಳ್ಳುತ್ತದೆ. ಕೈಯಲ್ಲಿ ಪೆನ್ಸಿಲ್ ಕೊಟ್ಟು ಅದರ ಕೋನ ನೋಡಿದರೆ ಒಂದು ಸಂಖ್ಯೆ ಬರುತ್ತದೆ. ಮಣಿಕಟ್ಟಿನ ಎರಡು ಬದಿಯ ಮೂಳೆಗಂಟುಗಳನ್ನು ಮುಟ್ಟಿ, ಅವುಗಳ ನಡುವಿನ ರೇಖೆಯಲ್ಲಿ ಅಳೆದರೆ ಬೇರೆಯೇ ಸಂಖ್ಯೆ ಬರುತ್ತದೆ. ಎರಡನೆಯದೇ ಮುಂಗೈ ನಿಂತಿರುವ ನಿಜವಾದ ಕೋನ. ಅಳೆಯುವಾಗ ತೋಳು ಪಕ್ಕೆಗೆ ಒತ್ತಿರಬೇಕು, ಮೊಣಕೈ 90 ಡಿಗ್ರಿ ಮಡಿಸಿರಬೇಕು. ವೈದ್ಯರು ಕೋನಮಾಪಕವನ್ನು ಹೊರತೆಗೆಯದೆ ಕಣ್ಣಂದಾಜಿನಲ್ಲೇ ಆಪರೇಷನ್ ದಿನಾಂಕ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಹೆಬ್ಬೆರಳು ಮೇಲಿರುವ ನಡು ಭಂಗಿಯನ್ನು 0 ಎಂದಿಟ್ಟುಕೊಂಡರೆ, ಅಂಗೈ 60 ಡಿಗ್ರಿಗಿಂತ ಹೆಚ್ಚು ಕೆಳಮುಖವಾಗಿ ನಿಂತಿದ್ದು, ಅದೂ ಎರಡೂ ಕೈಯಲ್ಲಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. 15-20 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ನಡುವಿನ ಮಕ್ಕಳ ವಿಷಯದಲ್ಲಿ ಸಂಖ್ಯೆಗಿಂತ ಮಗು ಯಾವ ಕೆಲಸಕ್ಕೆ ಒದ್ದಾಡುತ್ತದೆ ಎಂಬುದೇ ಮುಖ್ಯ. ಎಕ್ಸ್‌-ರೇಯಲ್ಲಿ ಕ್ಲಿಯರಿ ಮತ್ತು ಓಮರ್ 1985ರಲ್ಲಿ ಮಾಡಿದ ನಾಲ್ಕು ವಿಧಗಳಲ್ಲಿ ಯಾವುದೆಂದು ಗುರುತಿಸುತ್ತಾರೆ. ಮೊದಲನೆಯದರಲ್ಲಿ ಮೂಳೆ ಸೇರಿದ್ದು ಕಾಣುವುದಿಲ್ಲ, ನಾರಿನ ಅಂಟು ಮಾತ್ರ. ಎರಡನೆಯದರಲ್ಲಿ ಮೂಳೆ ಕೂಡಿದೆ, ರೇಡಿಯಸ್ಸಿನ ತಲೆ, ಅಂದರೆ ಮೊಣಕೈ ಕಡೆಯ ತುದಿ, ಜಾಗದಲ್ಲೇ ಇದೆ. ಮೂರನೆಯದರಲ್ಲಿ ಆ ತಲೆ ಸಣ್ಣದಾಗಿ ಹಿಂದಕ್ಕೆ ಜಾರಿದೆ, ನಾಲ್ಕನೆಯದರಲ್ಲಿ ಅಣಬೆಯಂತಾಗಿ ಮುಂದಕ್ಕೆ ಜಾರಿದೆ. ಚಿಕ್ಕ ಮಕ್ಕಳಲ್ಲಿ ಆ ಜಾಗ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಎಕ್ಸ್‌-ರೇ ಸರಿಯಾಗಿಯೇ ಇದೆ ಎಂದು ವರದಿ ಬರುವುದುಂಟು. ಆಗ ಎಂಆರ್‌ಐ ಬೇಕಾಗುತ್ತದೆ.

ಈಗ ಯಾರನ್ನು ನೋಡಬೇಕು ಎಂಬ ಪ್ರಶ್ನೆ. ಮಕ್ಕಳ ಮೂಳೆ ತಜ್ಞರಲ್ಲಿ ಹೆಚ್ಚಿನವರ ದಿನ ಸೊಂಟ, ಪಾದ, ಬೆನ್ನುಮೂಳೆಯಲ್ಲಿ ಕಳೆಯುತ್ತದೆ. ಹ್ಯಾಂಡ್ ಸರ್ಜನ್‌ಗಳಲ್ಲಿ ಹೆಚ್ಚಿನವರು ನೋಡುವುದು ದೊಡ್ಡವರ ಗಾಯ, ನರ, ಸ್ನಾಯುರಜ್ಜು. ನಿಮಗೆ ಬೇಕಾದವರು ಈ ಎರಡೂ ಸೇರುವ ಕಡೆ ಇದ್ದಾರೆ: ಮಕ್ಕಳ ಹುಟ್ಟುದೋಷದ ಕೈಗಳನ್ನೇ ವಾರವಾರ ನೋಡುವವರು. ಅವರು ಮೂಳೆ ವಿಭಾಗದಿಂದ ಬಂದಿರಬಹುದು, ಪ್ಲಾಸ್ಟಿಕ್ ಸರ್ಜರಿಯಿಂದಲೂ ಬಂದಿರಬಹುದು. ಬಾಗಿಲ ಮೇಲೆ ಪ್ಲಾಸ್ಟಿಕ್ ಸರ್ಜರಿ ಎಂದು ಬರೆದಿದೆಯೆಂದು ಹಿಂದೆ ಸರಿಯಬೇಡಿ.

ಹುಡುಕುವ ದಾರಿಗಳು ಹೆಚ್ಚಿಲ್ಲ. ದೊಡ್ಡ ಮಕ್ಕಳ ಆಸ್ಪತ್ರೆ ಅಥವಾ ಬೋಧನಾ ಆಸ್ಪತ್ರೆಗೆ ಫೋನ್ ಮಾಡಿ, ‘ಮೂಳೆ ವೈದ್ಯರಿದ್ದಾರಾ’ ಎಂದು ಕೇಳದೆ ‘ಹುಟ್ಟಿನಿಂದ ಕೈದೋಷವಿರುವ ಮಕ್ಕಳ ಕ್ಲಿನಿಕ್ ಯಾವ ದಿನ’ ಎಂದು ಕೇಳಿ. ದಿನ ಹೇಳಿದರೆ ಅಲ್ಲಿ ಅಂಥ ಕ್ಲಿನಿಕ್ ನಿಜವಾಗಿಯೂ ಇದೆ ಎಂದಾಯಿತು. ಹಲವು ದೇಶಗಳ ಹ್ಯಾಂಡ್ ಸರ್ಜರಿ ಸಂಘಗಳು ಐಎಫ್‌ಎಸ್‌ಎಸ್‌ಎಚ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದಡಿ ಇವೆ. ಅಲ್ಲಿಂದ ನಿಮ್ಮ ದೇಶದ ಸಂಘವನ್ನು ಹಿಡಿದು, ಈ ದೋಷ ನೋಡುವವರು ಯಾರೆಂದು ಕಾರ್ಯದರ್ಶಿಗೆ ಬರೆಯಬಹುದು. ಅಪರೂಪದ ಕಾಯಿಲೆಗಳ ಆರ್ಫಾನೆಟ್ ತಾಣದಲ್ಲೂ ಪರಿಣತ ಕೇಂದ್ರಗಳ ಪಟ್ಟಿಯಿದೆ. ನಾಲ್ಕನೆಯದು ಜನ ಮರೆಯುವ ದಾರಿ. ವೈದ್ಯಕೀಯ ಲೇಖನಗಳ ತಾಣವಾದ ಪಬ್‌ಮೆಡ್‌ನಲ್ಲಿ ಕಾಯಿಲೆಯ ಹೆಸರು ಹಾಕಿ, ಕಳೆದ ಹತ್ತು ವರ್ಷದ ಲೇಖನಗಳಲ್ಲಿ ಕೊನೆಯ ಹೆಸರು ಯಾರದೆಂದು ನೋಡಿ. ತಂಡದ ಹಿರಿಯರ ಹೆಸರು ಸಾಮಾನ್ಯವಾಗಿ ಕೊನೆಗೇ ಇರುತ್ತದೆ. ಲೇಖನ ಒಂದೇ ಮಗುವಿನ ಬಗ್ಗೆಯೋ, ಮೂವತ್ತು ಮಕ್ಕಳ ಬಗ್ಗೆಯೋ ಗಮನಿಸಿ. ಅಂಥವರು ದೂರದಲ್ಲಿದ್ದರೂ ನಿಮ್ಮ ಹತ್ತಿರದವರ ಹೆಸರನ್ನು ಹೇಳಬಲ್ಲರು.

ಬರೆಯುವ ಪತ್ರ ಒಂದು ಪುಟ ದಾಟಬಾರದು. ಮಗುವಿನ ವಯಸ್ಸು, ಯಾವ ಕೈಯಲ್ಲಿ ಬರೆಯುತ್ತಾಳೆ, ಎರಡೂ ಮುಂಗೈಯ ಕೋನ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ನಿಮ್ಮ ಮೂರು ಪ್ರಶ್ನೆಗಳು. ಇಷ್ಟು ಸಾಕು. ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಇದರ ಸಂಕೇತ ಕ್ಯೂ74.0 ಎಂದು ನಮೂದಿಸಿದರೆ ಪತ್ರ ತಪ್ಪು ವಿಭಾಗಕ್ಕೆ ಹೋಗುವುದು ತಪ್ಪುತ್ತದೆ. ಎಕ್ಸ್‌-ರೇಯಲ್ಲಿ ಮೊಣಕೈ ಮತ್ತು ಮಣಿಕಟ್ಟು ಎರಡೂ ಕಾಣಬೇಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು, ಎರಡೂ ಕೈಯದು. ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ಕಳಿಸಿದರೆ ಸೂಕ್ಷ್ಮ ವಿವರವೇನೂ ಕಾಣದು. ಎಕ್ಸ್‌-ರೇ ಕೇಂದ್ರದಲ್ಲಿ ಡೈಕಾಮ್ ಎಂಬ ಮೂಲ ಡಿಜಿಟಲ್ ಫೈಲ್ ಕೇಳಿ ಪಡೆಯಿರಿ. ಜೊತೆಗೆ ಎರಡು ನಿಮಿಷದ ವಿಡಿಯೋ: ಬೊಗಸೆಯಲ್ಲಿ ನೀರು ಹಿಡಿಯುವುದು, ಚಮಚದಲ್ಲಿ ತಿನ್ನುವುದು, ಗುಂಡಿ ಹಾಕಿಕೊಳ್ಳುವುದು, ಬಾಗಿಲ ಹಿಡಿ ತಿರುಗಿಸುವುದು, ಪೆನ್ಸಿಲ್ ಹಿಡಿದು ಗೀಚುವುದು. ಎಕ್ಸ್‌-ರೇ ಹೇಳದ ಎಷ್ಟೋ ವಿಷಯವನ್ನು ಈ ವಿಡಿಯೋ ಹೇಳುತ್ತದೆ.

ಭೇಟಿಯಲ್ಲಿ ಕೇಳಬೇಕಾದ್ದು ಇಷ್ಟು. ಈ ದೋಷದ ಎಷ್ಟು ಮಕ್ಕಳನ್ನು ನೀವೇ ನೋಡಿದ್ದೀರಿ, ಎಷ್ಟು ಜನಕ್ಕೆ ಆಪರೇಷನ್ ಬೇಡ ಎಂದಿರಿ? ಕೂಡಿದ ಮೂಳೆಯನ್ನು ಬಿಡಿಸುತ್ತೀರೋ, ಭಂಗಿಯನ್ನಷ್ಟೇ ಬದಲಿಸುತ್ತೀರೋ? ಇದು ದೊಡ್ಡ ವ್ಯತ್ಯಾಸ. ಬರಿದೇ ಬಿಡಿಸಿದ ಮೂಳೆ ಮತ್ತೆ ಕೂಡಿಕೊಳ್ಳುವುದೇ ಹೆಚ್ಚು. ಅದನ್ನು ತಡೆಯಲು ಜಪಾನಿನ ಕನಾಯಾ ಮತ್ತು ಇಬಾರಾಕಿ ರಕ್ತನಾಳ ಸಮೇತ ಕೊಬ್ಬಿನ ಪದರವನ್ನು ನಡುವೆ ಇಡುವ ವಿಧಾನವನ್ನು 1998ರಲ್ಲಿ ಪ್ರಕಟಿಸಿದರು. ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸಬೇಕಾದ ಕೆಲಸವಾದ್ದರಿಂದ ಕೆಲವೇ ಕೇಂದ್ರಗಳಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಮಾಡುವುದು ಮೂಳೆ ಕತ್ತರಿಸಿ, ಕೈಯನ್ನು ಉಪಯೋಗಕ್ಕೆ ಬರುವ ಕೋನಕ್ಕೆ ತಿರುಗಿಸಿ, ತಂತಿ ಹಾಕಿ ಕೂಡಿಸುವುದು. ಇದಾದ ಮೇಲೂ ಮುಂಗೈ ತಿರುಗುವುದಿಲ್ಲ, ನಿಲ್ಲುವ ಭಂಗಿ ಮಾತ್ರ ಬದಲಾಗುತ್ತದೆ. ‘ಆಪರೇಷನ್ ಆದರೆ ಎಲ್ಲರ ಹಾಗೆ ಕೈ ತಿರುಗಿಸುತ್ತಾಳೆ’ ಎಂಬ ಭರವಸೆ ಸಿಕ್ಕರೆ, ಯಾವ ವಿಧಾನದಿಂದ ಎಂದು ಬಿಡಿಸಿ ಕೇಳಿ.

ಯಾವ ಕೋನದಲ್ಲಿ ನಿಲ್ಲಿಸುತ್ತೀರಿ ಎಂದೂ ಕೇಳಿ. ಎರಡೂ ಕೈಯಲ್ಲಿದ್ದಾಗ ಬರೆಯುವ ಕೈಯನ್ನು ಸ್ವಲ್ಪ ಕೆಳಮುಖವಾಗಿ, ಇನ್ನೊಂದನ್ನು ನಡು ಭಂಗಿಯ ಹತ್ತಿರ ನಿಲ್ಲಿಸುವುದು ರೂಢಿ. ಕೀಬೋರ್ಡಿಗೆ ಅಂಗೈ ಕೆಳಗಿರಬೇಕು, ಮುಖ ತೊಳೆಯಲು ಮೇಲಿರಬೇಕು. ಒಂದೇ ಕೋನ ಎಲ್ಲದಕ್ಕೂ ಒದಗದು.

ದೊಡ್ಡ ಅಪಾಯ ಮೊದಲ ಎರಡು ದಿನದ್ದು. ಮುಂಗೈಯನ್ನು ಒಮ್ಮೆಲೇ ಹೆಚ್ಚು ತಿರುಗಿಸಿದರೆ ಒಳಗೆ ಊತ ಏರಿ ರಕ್ತ ಸಂಚಾರ ನಿಲ್ಲಬಹುದು. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ನೋವಿನ ಔಷಧಿಗೆ ಬಗ್ಗದೆ ಏರುವ ನೋವು, ಬೆರಳನ್ನು ಮೆಲ್ಲಗೆ ಬಿಡಿಸಿದರೂ ಮಗು ಚೀರುವುದು, ಬೆರಳು ಜೋಮು ಹಿಡಿಯುವುದು ಇದರ ಗುರುತು. ಆಗ ಗಂಟೆಗಳ ಲೆಕ್ಕದಲ್ಲಿ ಬಿಗಿತ ಬಿಚ್ಚಬೇಕು. ಹಾಗಾಗಿ ‘ರಾತ್ರಿ ಯಾರು ಬಂದು ನೋಡುತ್ತಾರೆ’ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿಲ್ಲದ ಕಡೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಬೆರಳು ಎತ್ತುವ ನರ ತಾತ್ಕಾಲಿಕವಾಗಿ ಸೋಲುವುದು, ತಂತಿ ಸಡಿಲಾಗಿ ಕೈ ಹಿಂದಿನ ಕೋನಕ್ಕೆ ಜಾರುವುದು ಉಳಿದ ತೊಂದರೆಗಳು.

ಆತುರ ಬೇಕಿಲ್ಲ. ಈ ಆಪರೇಷನ್‌ಗಳನ್ನು ಹೆಚ್ಚಾಗಿ 4ರಿಂದ 10 ವರ್ಷದೊಳಗೆ ಮಾಡುತ್ತಾರೆ. ಎರಡನೇ ಅಭಿಪ್ರಾಯಕ್ಕೆ ನಿಮಗೆ ಸಮಯವಿದೆ. ಒಂದು ರಕ್ತಪರೀಕ್ಷೆ ಮಾತ್ರ ಈಗಲೇ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ. ಇದೇ ಮೂಳೆದೋಷದ ಜೊತೆ ಪ್ಲೇಟ್‌ಲೆಟ್ ಕಡಿಮೆಯಾಗುವ ಅಪರೂಪದ ವಂಶವಾಹಿ ಕಾಯಿಲೆಯಿದೆ. ಅದು ಆಪರೇಷನ್ ಟೇಬಲ್ ಮೇಲೆ ತಿಳಿಯಬಾರದು.

ಪ್ರಶ್ನೆ: ತಂಗಿಯ ಮಗು ಹುಟ್ಟಿ ಹದಿನೈದು ದಿನ. ಬಲಗೈ ಒಳಕ್ಕೆ ಬಾಗಿದೆ, ಹೆಬ್ಬೆರಳಿಲ್ಲ. ಎಕ್ಸ್‌-ರೇಯಲ್ಲಿ ರೇಡಿಯಸ್ ಮೂಳೆಯೇ ಇಲ್ಲ ಎಂದಿದ್ದಾರೆ. ಕೈ ತಜ್ಞರ ಬಳಿ ಕೂಡಲೇ ಹೋಗಬೇಕೇ?

ಉತ್ತರ: ಹೋಗಬೇಕು, ಆದರೆ ಅದಕ್ಕಿಂತ ಮೊದಲು ಮಗುವಿನ ಹೃದಯ, ಮೂತ್ರಪಿಂಡ ಮತ್ತು ರಕ್ತ ನೋಡಿಸಿ. ರೇಡಿಯಸ್ ಬೆಳೆಯುವ ವಾರಗಳಲ್ಲೇ ಈ ಅಂಗಗಳೂ ರೂಪುಗೊಳ್ಳುತ್ತವೆ. ಈ ದೋಷಕ್ಕೆ ರೇಡಿಯಲ್ ಕ್ಲಬ್ ಹ್ಯಾಂಡ್ ಎನ್ನುತ್ತಾರೆ, ಐಸಿಡಿ-10ರಲ್ಲಿ ಕ್ಯೂ71.4. ಮಕ್ಕಳ ವೈದ್ಯರಿಂದ ಹೃದಯದ ಎಕೋ, ಹೊಟ್ಟೆಯ ಅಲ್ಟ್ರಾಸೌಂಡ್, ಬೆನ್ನುಮೂಳೆಯ ಎಕ್ಸ್‌-ರೇ, ಪೂರ್ಣ ರಕ್ತ ಎಣಿಕೆ ಬರೆಸಿಕೊಳ್ಳಿ. ಜೊತೆಗೆ ಕ್ರೋಮೋಸೋಮ್ ಬ್ರೇಕೇಜ್ ಪರೀಕ್ಷೆ. ಫ್ಯಾಂಕೋನಿ ಅನೀಮಿಯಾ ಎಂಬ ಮಜ್ಜೆಯ ಕಾಯಿಲೆಯನ್ನು ಹಿಡಿಯುವುದು ಇದೇ. ಆ ಕಾಯಿಲೆಯಲ್ಲಿ ರಕ್ತ ಕೆಡುವುದು ಸಾಮಾನ್ಯವಾಗಿ ಕೆಲವು ವರ್ಷಗಳ ನಂತರ, ಹಾಗಾಗಿ ಇವತ್ತಿನ ರಕ್ತ ಎಣಿಕೆ ಸರಿಯಿದೆ ಎಂದು ಈ ಪರೀಕ್ಷೆ ಬಿಡಬಾರದು. ರೇಡಿಯಸ್ ಇಲ್ಲದೆಯೂ ಹೆಬ್ಬೆರಳಿದ್ದರೆ ಅದು ಪ್ಲೇಟ್‌ಲೆಟ್ ಕಡಿಮೆಯಿರುವ ಟಾರ್ ಎಂಬ ಬೇರೆ ಕಾಯಿಲೆಯಿರಬಹುದು. ನೀವು ಹೇಳಿದ ಮಗುವಿಗೆ ಹೆಬ್ಬೆರಳಿಲ್ಲ, ಆದ್ದರಿಂದ ಟಾರ್ ಇರಲಾರದು.

ಕೈಗೆ ಈಗ ಮಾಡಬೇಕಾದ್ದು ಬಟ್ಟೆ ಬದಲಿಸಿದಾಗಲೆಲ್ಲ ಮೆಲ್ಲಗೆ ಎಳೆಯುವುದು. ಮುಂಗೈಯನ್ನು ಒಂದು ಕೈಯಲ್ಲಿ ಹಿಡಿದು, ಹಸ್ತವನ್ನು ಮೊದಲು ಉದ್ದಕ್ಕೆ ಎಳೆದು, ಆಮೇಲೆ ಕಿರುಬೆರಳ ಕಡೆ ತನ್ನಿ. ಎಳೆಯದೆ ಬಗ್ಗಿಸಿದರೆ ಹಸ್ತ ಅಲ್ನಾದ ತುದಿಗೆ ಒತ್ತುತ್ತದೆ. ಥೆರಪಿಸ್ಟ್ ಒಮ್ಮೆ ತೋರಿಸಿಕೊಡಲಿ. ಮಣಿಕಟ್ಟು ನೆಟ್ಟಗೆ ಮಾಡುವ ಆಪರೇಷನ್ ಒಂದು ವರ್ಷದ ಸುಮಾರಿಗೆ, ತೋರುಬೆರಳನ್ನು ಹೆಬ್ಬೆರಳಾಗಿಸುವುದು ಅದರ ನಂತರ. ಮೊಣಕೈ ಮಡಿಸಲು ಬಾರದ ಮಗುವಿಗೆ ಮಾತ್ರ ಮಣಿಕಟ್ಟು ನೆಟ್ಟಗೆ ಮಾಡಿಸಬೇಡಿ. ಬಾಗಿದ ಮಣಿಕಟ್ಟಿನಿಂದಲೇ ಆ ಕೈ ಬಾಯಿಗೆ ತಲುಪುತ್ತಿರುತ್ತದೆ.

ಪ್ರಶ್ನೆ: ಹನ್ನೊಂದು ವರ್ಷದ ಮಗಳ ಮಣಿಕಟ್ಟಿನ ಹಿಂಬದಿ ಮೂಳೆ ಉಬ್ಬಿದೆ, ನೋವೂ ಇದೆ. ಮ್ಯಾಡೆಲಂಗ್ ಎಂದಿದ್ದಾರೆ. ಇದಕ್ಕೂ ಅದೇ ತಜ್ಞರೇ?

ಉತ್ತರ: ಅವರೇ, ಆದರೆ ತಡ ಮಾಡಬೇಡಿ. ರೇಡಿಯಸ್ಸಿನ ತುದಿಯ ಬೆಳವಣಿಗೆ ಒಂದು ಪಕ್ಕದಲ್ಲಿ ನಿಂತಾಗ ಹೀಗಾಗುತ್ತದೆ. ಅನೇಕರಲ್ಲಿ ವಿಕರ್ಸ್ ಲಿಗಮೆಂಟ್ ಎಂಬ ದಪ್ಪ ಪಟ್ಟಿ ಅಲ್ಲಿ ಬಿಗಿದಿರುತ್ತದೆ. ಬೆಳವಣಿಗೆ ಬಾಕಿಯಿರುವಾಗ ಅದನ್ನು ಬಿಡಿಸುವುದು ಚಿಕ್ಕ ಕೆಲಸ, ಬೆಳವಣಿಗೆ ಮುಗಿದ ಮೇಲಾದರೆ ಮೂಳೆಯನ್ನೇ ಕತ್ತರಿಸಬೇಕು. ಮಗಳು ವಯಸ್ಸಿಗೆ ಕುಳ್ಳಗಿದ್ದರೆ ಹಾರ್ಮೋನ್ ತಜ್ಞರಿಗೂ ತೋರಿಸಿ, ಎತ್ತರದ ಬೆಳವಣಿಗೆಗೆ ಸಂಬಂಧಿಸಿದ ಶಾಕ್ಸ್ ಜೀನ್ ಪರೀಕ್ಷೆಯ ಬಗ್ಗೆ ಕೇಳಿ.

ಪ್ರಶ್ನೆ: ನನಗೆ ಮೂವತ್ತೆರಡು. ಎಡ ಮುಂಗೈಯ ಮೂಳೆಗಳು ಕೂಡಿಕೊಂಡಿವೆ ಎಂದು ಈಗಷ್ಟೇ ತಿಳಿಯಿತು. ಕೆಲಸಕ್ಕೆ ತೊಂದರೆಯಿಲ್ಲ. ಸರಿಪಡಿಸಿಕೊಳ್ಳಬೇಕೇ? ನನ್ನ ಮಗುವಿಗೆ ಬರುತ್ತದೆಯೇ?

ಉತ್ತರ: ತೊಂದರೆಯಿಲ್ಲದ ಕೈಗೆ ಚಾಕು ಬೇಡ. ಮೊಣಕೈಯಲ್ಲಿ ಹೊಸದಾಗಿ ನೋವು ಅಥವಾ ಕಟಕಟ ಸದ್ದು ಶುರುವಾದರೆ ಮಾತ್ರ ತೋರಿಸಿ, ಜಾರಿದ ರೇಡಿಯಸ್ಸಿನ ತಲೆ ಅದಕ್ಕೆ ಕಾರಣವಿರಬಹುದು. ಎಕ್ಸ್‌-ರೇಯ ಒಂದು ಪ್ರತಿ ಫೋನಿನಲ್ಲಿರಲಿ. ಎಂದಾದರೂ ಬಿದ್ದು ಪೆಟ್ಟಾದರೆ, ತಿರುಗದ ಕೈ ಹೊಸ ಪೆಟ್ಟಿನದೆಂದು ತಿಳಿದು ಎಳೆದು ಕೂರಿಸಲು ಹೋಗುವವರಿಗೆ ಅದನ್ನು ತೋರಿಸಬಹುದು.

ಹೆಚ್ಚಿನವರಲ್ಲಿ ಇದು ಒಬ್ಬರಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಆಗ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮಗು ಹುಟ್ಟಿದಾಗ ಮಕ್ಕಳ ವೈದ್ಯರಿಗೆ ವಿಷಯ ತಿಳಿಸಿ. ಮಗುವಿನ ತೋಳನ್ನು ಪಕ್ಕೆಗೆ ಒತ್ತಿಟ್ಟು, ಮೊಣಕೈ ಮಡಿಸಿ, ಮಣಿಕಟ್ಟಿಗಿಂತ ಮೇಲೆ ಹಿಡಿದು ಮುಂಗೈಯನ್ನು ಮೆಲ್ಲಗೆ ತಿರುಗಿಸಿ ನೋಡಲು ಅವರಿಗೆ ಅರ್ಧ ನಿಮಿಷ ಸಾಕು. ಹಸ್ತ ಹಿಡಿದು ತಿರುಗಿಸಿದರೆ ಮಾತ್ರ ಮಣಿಕಟ್ಟೇ ತಿರುಗಿ, ಎಲ್ಲ ಸರಿಯಿದೆ ಎಂದು ಅನಿಸಿಬಿಡುತ್ತದೆ.