ಮೂವತ್ತೆಂಟರಲ್ಲಿ ಮತ್ತೆ ಕಾಲೇಜು

ನನಗೆ 38 ವರ್ಷ. ಬಿ.ಕಾಂ. ಮುಗಿಸಿ ಉಡುಪಿಯ ಒಂದು ಫೈನಾನ್ಸ್‌ನಲ್ಲಿ ಚಿನ್ನದ ಸಾಲದ ಕೌಂಟರ್ ನೋಡಿಕೊಳ್ಳುತ್ತಿದ್ದೇನೆ. ಜೂನ್ ಬಂತೆಂದರೆ ಮಕ್ಕಳ ಫೀಸಿಗಾಗಿ ಬಳೆ ಅಡವಿಡಲು ಬರುವ ಹೆಂಗಸರು ನನ್ನೆದುರು ಕೂತು ಅತ್ತು, ಹಗುರಾಗಿ ಹೋಗುತ್ತಾರೆ. ಕೌನ್ಸೆಲರ್ ಆಗಬೇಕೆಂಬ ಆಸೆ ಹುಟ್ಟಿದೆ. ಏಜೆಂಟ್ ಒಬ್ಬರು ಮನೆಯಲ್ಲೇ ಕೂತು ಒಂದೇ ವರ್ಷದಲ್ಲಿ ಎಂ.ಎ. ಸೈಕಾಲಜಿ ಮಾಡಿಸುತ್ತೇನೆ ಎನ್ನುತ್ತಾರೆ. ಮಗಳು ಪಿಯುಸಿ. ‘ಅಮ್ಮ, ಮಗಳು ಒಟ್ಟಿಗೆ ಬ್ಯಾಗ್ ಹಾಕ್ಕೊಂಡು ಹೋಗ್ತೀರಾ?’ ಎಂದು ಅತ್ತೆ ನಗುತ್ತಾರೆ. ಡಿಗ್ರಿಯ ಒಂದು ಮಾರ್ಕ್ಸ್‌ಕಾರ್ಡ್ ಬೇರೆ ಕಳೆದಿದೆ. ಕೆಲಸ ಬಿಡಲೇ?
– ಹೆಸರು ಬೇಡ, ಉಡುಪಿ

ಈಗಲೇ ಬಿಡಬೇಡಿ. ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂರು ವರ್ಷದ ಬಿ.ಕಾಂ. ಮಾಡಿದವರಿಗೆ ಎಂ.ಎ. ಅಂದರೆ ಎರಡು ವರ್ಷ. ಅದಕ್ಕಿಂತ ಮುಖ್ಯವಾಗಿ, 2025ರ ಜುಲೈ–ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿದೆ. ಯಾವ ದೂರಶಿಕ್ಷಣ ಕೋರ್ಸಿಗೆ ಮಾನ್ಯತೆ ಇದೆ ಎಂಬುದನ್ನು ಯುಜಿಸಿಯ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು.

ನಿಮ್ಮ ಪತ್ರ ಓದಿದಾಗ ನನಗೆ ಸೈಕಾಲಜಿಗಿಂತ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ನಿಮಗೆ ಹತ್ತಿರ ಅನ್ನಿಸಿತು. ಬಳೆ ಬಿಚ್ಚಿಡುವ ಹೆಂಗಸಿನ ಕಷ್ಟ ಮನಸ್ಸಿನದ್ದು ಮಾತ್ರ ಅಲ್ಲ ಅಲ್ವಾ? ಸಾಲ, ಗಂಡನ ಕುಡಿತ, ಶಾಲೆಯ ಫೀಸು ಎಲ್ಲ ಅದರಲ್ಲಿದೆ. ಮಂಗಳೂರಿನ ವೆಲೆನ್ಸಿಯಾದಲ್ಲಿರುವ ರೋಶನಿ ನಿಲಯ ಕಾಲೇಜು 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಆದರೆ ರೆಗ್ಯುಲರ್ ಕೋರ್ಸ್ ಅಂದರೆ ಹಗಲು ತರಗತಿ, ಜೊತೆಗೆ ಜನರ ನಡುವೆ ಕೆಲಸ ಮಾಡಿ ಕಲಿಯುವ ಫೀಲ್ಡ್‌ವರ್ಕ್. ನಿಮ್ಮ ಕೌಂಟರ್ ಕೆಲಸದ ಜೊತೆ ಅದು ನಡೆಯುವುದಿಲ್ಲ. ದೂರಶಿಕ್ಷಣ ಕೊಡುವ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಕನಿಷ್ಠ ಎರಡು ವರ್ಷ, ನಾಲ್ಕು ವರ್ಷದವರೆಗೂ ಎಳೆಯಬಹುದು. ಫೀಲ್ಡ್‌ವರ್ಕ್ ಅಲ್ಲೂ ತಪ್ಪುವುದಿಲ್ಲ. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಎಂದು ಯುಜಿಸಿ 2022ರಲ್ಲೇ ಹೇಳಿದೆ. ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಸಮಾಜಕಾರ್ಯಕ್ಕೆ ಸಂಬಂಧಪಟ್ಟ ಒಂದು ಕೋರ್ಸ್ ಮಾಡಿ ನೋಡಿ. ಓದಲು ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆ ಫೀಸು. ರಾತ್ರಿ ಪಾತ್ರೆ ತೊಳೆದ ಮೇಲೆ ಪುಸ್ತಕ ಹಿಡಿಯಲು ಆಗುತ್ತದೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನನ್ನ ನಿಜವಾದ ಚಿಂತೆ ಬೇರೆ. ದೊಡ್ಡವರಾದ ಮೇಲೆ ಕಾಲೇಜಿಗೆ ಹೋಗುವವರು ಹಿಂದಿನ ಬೆಂಚಿನಲ್ಲಿ ಕೂತು, ಯಾರನ್ನೂ ಏನೂ ಕೇಳದೆ, ಸುಮ್ನೆ ಒದ್ದಾಡುತ್ತಾರೆ. ಪ್ಲೇಸ್‌ಮೆಂಟ್ ಸೆಲ್ ಇರುವುದು ಇಪ್ಪತ್ತೊಂದರ ಹುಡುಗರಿಗೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ ಬೇಕಾದರೆ ವಿದ್ಯಾರ್ಥಿಗಳಿಗೆ ಕೊಡುವ ನೆರವಿನ ಲೆಕ್ಕವನ್ನು ಕಾಲೇಜುಗಳು ತೋರಿಸಲೇಬೇಕು. ಮೆಂಟರ್ (ವಿದ್ಯಾರ್ಥಿಗೆ ದಾರಿ ತೋರಿಸುವ ಅಧ್ಯಾಪಕರು), ಕರಿಯರ್ ಗೈಡೆನ್ಸ್ ಎಲ್ಲ ಫೈಲಿನಲ್ಲಿ ಚೆಂದವಾಗಿ ಕೂತಿರುತ್ತದೆ. ಕೇಳಿದವರಿಗೆ ಸಿಗುತ್ತದೆ. ಮೊದಲ ವಾರವೇ ಮೆಂಟರ್ ಹತ್ತಿರ ಹೋಗಿ, ‘ಪರೀಕ್ಷೆ ಬರೆದು ಹದಿನೇಳು ವರ್ಷ ಆಯ್ತು, ಅಸೈನ್‌ಮೆಂಟ್ ಹೇಗೆ ಬರೀಬೇಕು ಗೊತ್ತಿಲ್ಲ’ ಎಂದು ನೇರ ಹೇಳಿ. ದೂರಶಿಕ್ಷಣವಾದರೆ ಇದೇ ಮಾತನ್ನು ಸ್ಟಡಿ ಸೆಂಟರ್‌ನಲ್ಲಿ ಹೇಳಿ.

ಇನ್ನೊಂದು. ಬಯೋಡೇಟಾದಲ್ಲಿ ಫೈನಾನ್ಸ್ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಸಾಲ ಕೇಳಲು ಬಂದವರ ಜೊತೆ ವರ್ಷಗಟ್ಟಲೆ ಮಾತಾಡಿದ್ದೀರಿ, ಅವರ ಮನೆಯ ಲೆಕ್ಕ ನಿಮಗೆ ಗೊತ್ತು. ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಬೇಕಿರುವುದು ಇಂಥವರೇ. ಕೇಳಿಸಿಕೊಳ್ಳುವುದು ಬೇರೆ, ಕೌನ್ಸೆಲಿಂಗ್ ಬೇರೆ ಅನ್ನುವುದೂ ನೆನಪಿರಲಿ. ಅದಕ್ಕೇ ಅಲ್ವಾ ಫೀಲ್ಡ್‌ವರ್ಕ್ ಇರುವುದು!

ಅತ್ತೆಯವರು ನಗಲಿ ಬಿಡಿ. ಮಗಳ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಅಡ್ಮಿಷನ್ ಮಾತು ಎತ್ತದಿದ್ದರೆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ.

ಅಷ್ಟರಲ್ಲಿ ಒಂದು ದಿನ ರಜೆ ಹಾಕಿ ಮಂಗಳೂರು ಬಸ್ಸು ಹತ್ತಿ. ರೋಶನಿ ನಿಲಯದಲ್ಲಿ ಓದುತ್ತಿರುವ ಯಾರನ್ನಾದರೂ ಮಾತಾಡಿಸಿ, ಅವರ ದಿನ ಹೇಗಿರುತ್ತದೆ ಕೇಳಿ. ಕಳೆದುಹೋದ ಮಾರ್ಕ್ಸ್‌ಕಾರ್ಡಿಗೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಈಗಲೇ ಅರ್ಜಿ ಹಾಕಿ. ಅಡ್ಮಿಷನ್ ಶುರುವಾದ ಮೇಲೆ ಅದಕ್ಕಾಗಿ ಓಡಾಡಲು ಹೊರಟರೆ ಆ ವರ್ಷ ಹೋದ ಹಾಗೆಯೇ.